ಉಪ್ಪು ಇಳಿಸಿದ ಮೇಲೆ ಬಿಪಿ: ಪೇರ್ಡ್ ಟಿ-ಟೆಸ್ಟ್ ಹಾಳೆ ಎಲ್ಲಿಗೆ ಬಂತು

ಉಡುಪಿ, ಏಪ್ರಿಲ್ ಎರಡನೇ ವಾರ

ಅಡುಗೆಯಲ್ಲಿ ಉಪ್ಪು ಕಡಿಮೆ ಮಾಡುವ ಮೊದಲು, ಮತ್ತೆ ಎಂಟು ವಾರ ಕಳೆದ ಮೇಲೆ, ಅದೇ ಜನರ ಬಿಪಿಯ ಮೇಲಿನ ಅಂಕಿ (ಸಿಸ್ಟಾಲಿಕ್) ಹೋಲಿಸುವ ಲಿಬ್ರೆ ಆಫೀಸ್ ಹಾಳೆ ತಯಾರಾಗಿದೆ. ಲೆಕ್ಕದ ಕ್ರಮ ಪೇರ್ಡ್ ಟಿ-ಟೆಸ್ಟ್, ಅಂದರೆ ಒಬ್ಬರದೇ ಎರಡು ಅಳತೆಗಳನ್ನು ಜೋಡಿಯಾಗಿಟ್ಟು ಹೋಲಿಸುವುದು. ಒಬ್ಬರಿಗೆ ಒಂದೇ ಸಾಲು: ಕ್ರಮಸಂಖ್ಯೆ, ಮೊದಲು, ನಂತರ, ವ್ಯತ್ಯಾಸ. ಲೆಕ್ಕವೆಲ್ಲ ವ್ಯತ್ಯಾಸದ ಕಾಲಂನಲ್ಲೇ. ಅದರ ಮಾನಕ ವಿಚಲನೆಯನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಜೋಡಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ, ಬಂದದ್ದರಿಂದ ಸರಾಸರಿ ವ್ಯತ್ಯಾಸವನ್ನು ಭಾಗಿಸಿದರೆ ಟಿ ಸಿಗುತ್ತದೆ.

ಸೂತ್ರ ಸರಿಯಿದೆಯೇ ಎಂದು ನೋಡಲು 1908ರಲ್ಲಿ ‘ಸ್ಟೂಡೆಂಟ್’ ಹೆಸರಿನಲ್ಲಿ ಸಂಖ್ಯಾಶಾಸ್ತ್ರಜ್ಞ ಗಾಸೆಟ್ ಬಳಸಿದ, 10 ರೋಗಿಗಳ ನಿದ್ದೆಯ ಅಂಕಿಗಳನ್ನು ಹಾಕಿದೆವು. ಎರಡು ಔಷಧಿಗಳ ನಡುವಿನ ವ್ಯತ್ಯಾಸ, ಗಂಟೆಗಳಲ್ಲಿ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಸರಾಸರಿ 1.58, ವಿಚಲನೆ 1.23, ಟಿ 4.06, ಪಿ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಟಿ ಆಕಸ್ಮಿಕವಾಗಿ ಬರುವ ಸಂಭವ) 0.0028. ಇದೇ ಅಂಕಿಗಳನ್ನು ಜೋಡಿ ಬಿಡಿಸಿ ಎರಡು ಬೇರೆ ಗುಂಪೆಂದು ಲೆಕ್ಕ ಹಾಕಿದರೆ ಟಿ 1.86ಕ್ಕೆ ಕುಸಿಯುತ್ತದೆ, ಪಿ 0.079 ಆಗುತ್ತದೆ. ಮನುಷ್ಯರ ನಡುವಿನ ಏರುಪೇರನ್ನು ಜೋಡಿ ಎಷ್ಟು ಕಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ನಮಗೆ ಸಿಕ್ಕಿಲ್ಲ. ಹಾಳೆಯಲ್ಲಿರುವ ಟಿ.ಟೆಸ್ಟ್ ಫಂಕ್ಷನ್‌ನ ಕೊನೆಯ ಅಂಕೆ 1 ಇದ್ದರೆ ಮಾತ್ರ ಜೋಡಿ ಲೆಕ್ಕ; ಅದು ಕೊಡುವುದು ಪಿ ಬೆಲೆ, ಟಿ ಅಲ್ಲ.

ಏಪ್ರಿಲ್ ಕೊನೆ

ಅಳತೆಯ ಕ್ರಮ ನಿಗದಿಯಾಯಿತು. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ ಇಲ್ಲ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ (ಕಫ್) ಸುತ್ತಿದರೆ ಬಿಪಿ ಹೆಚ್ಚು ತೋರಿಸುತ್ತದೆ, ಹಾಗಾಗಿ ಎರಡು ಅಳತೆಯ ಪಟ್ಟಿ ಬೇಕು. ಒಂದೊಂದು ನಿಮಿಷ ಬಿಟ್ಟು ಮೂರು ಸಲ ಅಳೆದು, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ಬರೆಯುವುದು. ಮೂರನ್ನೂ ಮೂರು ಸಾಲಾಗಿ ತುಂಬಿದರೆ ಒಬ್ಬರೇ ಮೂವರಾಗಿ, ಪಿ ಬೆಲೆ ಸುಳ್ಳೇ ಸಣ್ಣದಾಗುತ್ತದೆ.

‘ಮೊದಲು’ ಕಾಲಂ ಒಂದನ್ನೇ ಸಾರ್ಟ್ ಮಾಡಿದರೆ ಜೋಡಿಗಳೆಲ್ಲ ಚೆಲ್ಲಾಪಿಲ್ಲಿ. ಹಾಳೆ ಯಾವ ತಪ್ಪನ್ನೂ ತೋರಿಸುವುದಿಲ್ಲ. ಆ ಕಾಲಂಗಳಿಗೆ ಬೀಗ ಹಾಕಿದ್ದೇವೆ. ಎರಡನೇ ಅಳತೆಗೆ ಬಾರದವರ ಚೌಕದಲ್ಲಿ 0 ಬರೆಯಬಾರದು, ಆ ಸಾಲನ್ನೇ ಬಿಡಬೇಕು.

ಮೇ ಮೂರನೇ ವಾರ

ದೊಡ್ಡ ತೊಡಕು ಕ್ಯಾಲೆಂಡರಿನದು. ಈಗಿನ ಸೆಖೆಯಲ್ಲಿ ಮೊದಲ ಅಳತೆ ತೆಗೆದರೆ ಎರಡನೆಯದು ಜಡಿಮಳೆಗೆ ಬೀಳುತ್ತದೆ. ತಂಪಿನಲ್ಲಿ ಬಿಪಿ ತುಸು ಏರುತ್ತದೆ. ಜೊತೆಗೆ ಆಟಿ ತಿಂಗಳ (ತುಳುನಾಡಿನ ಜಡಿಮಳೆಯ ತಿಂಗಳು) ಊಟ: ಗಂಜಿಗೆ ಉಪ್ಪಿನಕಾಯಿ, ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಜೋಡಿ ಲೆಕ್ಕ ಮನುಷ್ಯರ ನಡುವಿನ ಭೇದ ಕಳೆಯುತ್ತದೆಯೇ ಹೊರತು ಋತುವಿನದ್ದನ್ನಲ್ಲ. ಇನ್ನೊಂದು: 140 ದಾಟಿದವರನ್ನೇ ಆರಿಸಿ, ಅದೇ ಅಂಕಿಯನ್ನು ‘ಮೊದಲು’ ಎಂದು ಬರೆದರೆ, ಏನೂ ಮಾಡದೆಯೂ ಎರಡನೇ ಸಲ ಸರಾಸರಿ ಇಳಿಯುತ್ತದೆ. ಆಯ್ಕೆಗೆ ಒಂದು ಅಳತೆ, ಹಾಳೆಗೆ ಬೇರೊಂದು ದಿನದ್ದು.

ಆದ್ದರಿಂದ ಚೀಟಿ ಎತ್ತಿ ಅರ್ಧ ಜನ ಈಗ ಉಪ್ಪು ಇಳಿಸುವುದು, ಉಳಿದರ್ಧ ಎಂಟು ವಾರ ಕಾಯುವುದು ಎಂದು ಬದಲಿಸಿದೆವು. ಎರಡು ಗುಂಪಿನ ವ್ಯತ್ಯಾಸಗಳನ್ನು ಆಮೇಲೆ ಜೋಡಿಯಲ್ಲದ ಟಿ-ಟೆಸ್ಟಿನಿಂದ ಹೋಲಿಸಬೇಕು. ಇದಕ್ಕೆ ಬೆಲೆಯೂ ಇದೆ. ವ್ಯತ್ಯಾಸದ ವಿಚಲನೆ 10, ಕಾಣಬೇಕಾದ ಇಳಿಕೆ 5, ಶಕ್ತಿ (ಇಳಿಕೆ ನಿಜವಿದ್ದರೆ ಅದು ಲೆಕ್ಕದಲ್ಲಿ ಸಿಕ್ಕಿಬೀಳುವ ಸಂಭವ) ಶೇ. 80 ಎಂದಿಟ್ಟರೆ ಒಂದೇ ಗುಂಪಿಗೆ 34 ಜನ ಸಾಕಿತ್ತು. ಈಗ ಗುಂಪಿಗೆ 64, ಒಟ್ಟು 128. ಅಷ್ಟು ಹೆಸರು ಸೇರುವ ತನಕ ಮೊದಲ ಅಳತೆ ತೆಗೆಯುವುದಿಲ್ಲ.