ಸಂಜೆ ಆಡಿ ರಾತ್ರಿ ಕುಡಿದರೆ ಏನು ನಷ್ಟ?

ಕಾಫಿ ಕೊಯ್ಲು ಮುಗಿದು, ಎಲ್ಲರೂ ಹೂಮಳೆಗಾಗಿ ಆಕಾಶ ನೋಡುತ್ತಿರುವ ದಿನಗಳಲ್ಲೇ ಕೊಡಗಿನಲ್ಲಿ ಕೌಟುಂಬಿಕ ಹಾಕಿಗೆ, ಅಂದರೆ ಕೊಡವ ಒಕ್ಕಗಳು (ಮನೆತನಗಳು) ತಂತಮ್ಮ ತಂಡ ಕಟ್ಟಿ ಆಡುವ ಪಂದ್ಯಾವಳಿಗೆ, ತಯಾರಿ ಶುರುವಾಗುತ್ತದೆ. ನಾನು ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಬೇಸಿಗೆಯಲ್ಲಿ ನಮ್ಮ ಒಕ್ಕದ ತಂಡವನ್ನೂ, ಕರೆದರೆ ನೆರೆಯ ಒಂದೆರಡು ಒಕ್ಕಗಳ ತಂಡಗಳನ್ನೂ ಪಳಗಿಸುತ್ತೇನೆ. ಹದಿನಾರರ ಹುಡುಗಿಯಿಂದ ಅರವತ್ತು ದಾಟಿದ ನಿವೃತ್ತ ಸುಬೇದಾರರವರೆಗೆ ಒಂದೇ ತಂಡದಲ್ಲಿ ಇರುತ್ತಾರೆ. ಅಭ್ಯಾಸ ಶುರುವಾದ ಎರಡನೇ ವಾರದೊಳಗೆ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿಯೇ ಕೇಳುತ್ತಾರೆ: "ಮೇಡಂ, ಸಂಜೆ ಚೆನ್ನಾಗಿ ಬೆವರು ಹರಿಸಿ ಆಡಿದ್ದೇನೆ. ರಾತ್ರಿ ಎರಡು ಪೆಗ್ ತೆಗೆದುಕೊಂಡರೆ ಏನು ನಷ್ಟ?"

ನಷ್ಟ ಇದೆ. ಎಷ್ಟು ಎಂಬುದು ಆ ಎರಡು ಪೆಗ್ ಎಷ್ಟು ದೊಡ್ಡವು ಎಂಬುದರ ಮೇಲೆ ನಿಂತಿದೆ. ಅದಕ್ಕಾಗಿ ಮೊದಲು ಅಳತೆಯಿಂದಲೇ ಶುರು ಮಾಡುತ್ತೇನೆ.

ನಮ್ಮಲ್ಲಿ ಸಿಗುವ ರಮ್, ವಿಸ್ಕಿ, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ 42.8 ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ 30 ಮಿ.ಲೀ. ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಮದ್ಯಸಾರ, 60ರ ದೊಡ್ಡ ಪೆಗ್‌ನಲ್ಲಿ 20, ಒಂದು ಕ್ವಾರ್ಟರ್‌ನಲ್ಲಿ (180 ಮಿ.ಲೀ.) 60. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ 40 ಗ್ರಾಂ, ಅಂದರೆ ಎರಡು ದೊಡ್ಡ ಪೆಗ್. ಬಿಯರ್ ಕುಡಿದವರು ತಾವು ಕುಡಿದೇ ಇಲ್ಲ ಎಂಬಂತೆ ಮಾತನಾಡುವುದನ್ನು ಕೇಳಿದ್ದೇನೆ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಂತೂ ಯಾರೂ ಅಳೆಯುವುದಿಲ್ಲ. ಒಮ್ಮೆ ಭಾವನವರಿಗೆ, "ನೀವು ದಿನವೂ ಹಾಕಿಕೊಳ್ಳುವ ಹಾಗೆಯೇ ಒಂದು ಪೆಗ್ ಹಾಕಿ" ಎಂದು ಹೇಳಿ, ಅವರು ಲೋಟಕ್ಕೆ ಸುರಿದ ರಮ್ಮನ್ನು ಅಡುಗೆಮನೆಯ ಅಳತೆ ಲೋಟಕ್ಕೆ ಬಗ್ಗಿಸಿ ನೋಡಿದೆ. 85 ಮಿ.ಲೀ. ಇತ್ತು. ಅವರಿಗೇ ಆಶ್ಚರ್ಯ. ಅವರ ಎರಡು ಪೆಗ್ ಎಂದರೆ ಹೆಚ್ಚುಕಡಿಮೆ ಒಂದು ಕ್ವಾರ್ಟರ್.

ಈ ಮದ್ಯಸಾರವನ್ನು ಕರಗಿಸುವ ಕೆಲಸ ಬಹುಪಾಲು ಯಕೃತ್ತಿನದು, ಮತ್ತು ಅದು ಅವಸರ ಮಾಡುವುದಿಲ್ಲ. ಗಂಟೆಗೆ ಸುಮಾರು 7ರಿಂದ 10 ಗ್ರಾಂ. ಕ್ವಾರ್ಟರ್ ಮುಗಿಯಲು ಆರರಿಂದ ಒಂಬತ್ತು ಗಂಟೆ ಬೇಕು. ರಾತ್ರಿ ಹತ್ತೂವರೆಗೆ ಕೊನೆಯ ಗುಟುಕು ಕುಡಿದವರ ರಕ್ತದಲ್ಲಿ ಬೆಳಗಿನ ಜಾವದವರೆಗೂ ಅದು ಉಳಿದಿರುತ್ತದೆ. ಗಟ್ಟಿ ಕಾಫಿ, ನಿಂಬೆರಸ, ತಣ್ಣೀರಿನ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. "ಬೆಳಿಗ್ಗೆ ಓಡಿ ಬೆವರಿನಲ್ಲಿ ಇಳಿಸಿಬಿಡುತ್ತೇನೆ" ಎನ್ನುವವರಿಗೂ ಇದೇ ಉತ್ತರ. ಬೆವರು, ಉಸಿರು, ಮೂತ್ರ ಮೂರೂ ಸೇರಿ ಹೊರಗೆ ಹೋಗುವುದು ಶೇ 10ಕ್ಕಿಂತ ಕಡಿಮೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾವು ಬಲಗೊಳ್ಳುವುದು ಮೈದಾನದಲ್ಲಿ ಅಲ್ಲ. ಮೈದಾನದಲ್ಲಿ ಆಗುವುದು ದಣಿವು: ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ, ಅವುಗಳಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತದೆ, ನೀರು ಹೋಗುತ್ತದೆ. ಅದನ್ನೆಲ್ಲ ಸರಿಪಡಿಸಿ, ಮೊದಲಿಗಿಂತ ಒಂದು ನೂಲಿನಷ್ಟು ಗಟ್ಟಿ ಮಾಡಿ ಕೊಡುವುದು ಮುಂದಿನ ಒಂದೆರಡು ದಿನ, ಅದರಲ್ಲೂ ಆ ರಾತ್ರಿಯ ನಿದ್ದೆ. ಸಂಜೆ ಆಡಿ ರಾತ್ರಿ ಕುಡಿಯುವವರು ಸರಿಯಾಗಿ ಆ ಹೊತ್ತಿಗೇ ಕೈ ಹಾಕುತ್ತಾರೆ.

ಕುಡಿದರೆ ಬೇಗ ನಿದ್ದೆ ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಆ ನಿದ್ದೆ ಚೂರುಚೂರಾಗುತ್ತದೆ. ಕನಸು ಬೀಳುವ ಹಂತದ ನಿದ್ದೆ ಕಡಿಮೆಯಾಗುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ, ಬಾಯಿ ಒಣಗುತ್ತದೆ. ಮೂತ್ರಪಿಂಡಕ್ಕೆ ನೀರು ಹಿಡಿದಿಡಲು ಹೇಳುವ ಹಾರ್ಮೋನನ್ನು ಮದ್ಯ ತಡೆಯುವುದರಿಂದ, ಆಟದಲ್ಲಿ ಕಳೆದ ನೀರು ವಾಪಸು ಬರುವ ಬದಲು ಇನ್ನಷ್ಟು ಹೋಗುತ್ತದೆ. ಇಷ್ಟರ ನಡುವೆ ಹೃದಯವೂ ವಿಶ್ರಾಂತಿ ಪಡೆಯದೆ ವೇಗವಾಗಿ ಬಡಿಯುತ್ತಿರುತ್ತದೆ.

ಇದನ್ನು ನಾನು ಕಣ್ಣಾರೆ ನೋಡುವುದು ಒಂದು ನೋಟ್‌ಬುಕ್‌ನಲ್ಲಿ. ಆಟಗಾರರೆಲ್ಲ ಬೆಳಿಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆ ಬಿಡುವ ಮೊದಲು, ಒಂದು ನಿಮಿಷ ನಾಡಿ ಎಣಿಸಿ ಬರೆದು ತರಬೇಕು. ಭಾವನ ಮಗನ ಪುಟದಲ್ಲಿ ಮೂರು ವಾರ 56, 58, 57 ಹೀಗೆಯೇ ಇತ್ತು. ನೆಂಟರ ಮದುವೆಯ ಹಿಂದಿನ ರಾತ್ರಿ ಕಳೆದ ಬೆಳಿಗ್ಗೆ ಆ ಜಾಗ ಖಾಲಿ. ಆರು ಗಂಟೆ, ಗೋಲ್ ಕಂಬ ಕಾಣದಷ್ಟು ಮಂಜು. ಸಿಲ್ವರ್ ಓಕ್ ಮರದ ಕೆಳಗೆ ಅವನನ್ನು ಕೂರಿಸಿ, ಮಣಿಕಟ್ಟು ಹಿಡಿದು ನಾನೇ ಎಣಿಸಿದೆ. ಹತ್ತು ನಿಮಿಷ ಕುಳಿತ ಮೇಲೂ 82. ಬಾಯಲ್ಲಿ ಏಲಕ್ಕಿ ಜಗಿಯುತ್ತಿದ್ದ. "ಮೂರೇ ಪೆಗ್ ಚಿಕ್ಕಮ್ಮ, ಹನ್ನೊಂದಕ್ಕೇ ಮಲಗಿದ್ದೆ" ಎಂದ. ಅವನನ್ನು ಅಲ್ಲಿಂದಲೇ ಮನೆಗೆ ಕಳಿಸಬೇಕಿತ್ತು. ಪಂದ್ಯಕ್ಕೆ ಎಂಟೇ ದಿನ ಉಳಿದಿತ್ತು ಎಂಬ ಆತುರಕ್ಕೆ ನಾನು ಕಳಿಸಲಿಲ್ಲ. ನಾಲ್ಕನೇ ಬಾರಿಯ ವೇಗದ ಓಟದಲ್ಲಿ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತಾ ನಿಂತುಬಿಟ್ಟ. ಸ್ನಾಯು ಎಳೆದದ್ದು ಕುಡಿತದಿಂದಲೇ ಎಂದು ನಾನು ಸಾಧಿಸಿ ತೋರಿಸಲಾರೆ. ನಿದ್ದೆಯಿಲ್ಲದ, ನೀರಿಲ್ಲದ ಮೈಯನ್ನು ಓಡಿಸಿದ ತಪ್ಪು ಮಾತ್ರ ನನ್ನದು. ಆ ವರ್ಷ ಅವನು ಪಂದ್ಯವನ್ನು ಗೆರೆಯಾಚೆ ಕುಳಿತು ನೋಡಿದ.

ಸ್ನಾಯುವಿನ ವಿಷಯದಲ್ಲಿ ಅಧ್ಯಯನಗಳು ಏನು ಹೇಳುತ್ತವೆ ಎಂದು ಕೇಳುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ವ್ಯಾಯಾಮದ ಅಭ್ಯಾಸವಿದ್ದ ಎಂಟು ಗಂಡಸರು ಭಾರ ಎತ್ತಿ, ಸೈಕಲ್ ತುಳಿದ ನಂತರ ಒಮ್ಮೆ ಪ್ರೋಟೀನ್ ಮಾತ್ರ, ಒಮ್ಮೆ ಪ್ರೋಟೀನ್ ಜೊತೆಗೆ ಮದ್ಯ, ಇನ್ನೊಮ್ಮೆ ಪ್ರೋಟೀನ್ ಬದಲು ಪಿಷ್ಟ ಮತ್ತು ಮದ್ಯ ಸೇವಿಸಿದರು. ಪ್ರೋಟೀನ್ ಮಾತ್ರ ಸೇವಿಸಿದಾಗಿನದಕ್ಕೆ ಹೋಲಿಸಿದರೆ, ಸ್ನಾಯು ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ವೇಗ ಎರಡನೆಯ ಸಲ ಶೇ 24ರಷ್ಟು, ಮೂರನೆಯ ಸಲ ಶೇ 37ರಷ್ಟು ಕಡಿಮೆಯಾಗಿತ್ತು. ಅಂದರೆ, "ಕುಡಿದರೇನಂತೆ, ಜೊತೆಗೆ ಪಂದಿ ಕರಿ ತಿಂದಿದ್ದೇನಲ್ಲ" ಎಂಬ ಸಮಾಧಾನ ಅರ್ಧ ಮಾತ್ರ ನಿಜ. ಒಂದು ಮಾತು ಮರೆಯಬಾರದು: ಅವರು ಕುಡಿದದ್ದು ದೇಹತೂಕದ ಕಿಲೋಗೆ 1.5 ಗ್ರಾಂ. 70 ಕಿಲೋ ತೂಕದವರಿಗೆ ಅದು ಐದು ದೊಡ್ಡ ಪೆಗ್. ದೊಡ್ಡ ಪ್ರಮಾಣವೇ, ಆದರೆ ನಮ್ಮ ಮದುವೆ ಮನೆಗಳಲ್ಲಿ ಕಾಣದ ಪ್ರಮಾಣವೇನಲ್ಲ.

ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದವರು ಕಾಲಿನ ಸ್ನಾಯುಗಳನ್ನು ಚೆನ್ನಾಗಿ ದಣಿಸಿ ನಂತರ ಕುಡಿಸಿ ನೋಡಿದರು. ಕಿಲೋಗೆ 1 ಗ್ರಾಂ ಕುಡಿದಾಗ, ಮುಂದಿನ ಎರಡು ದಿನಗಳಲ್ಲಿ ಕಾಲಿನ ಬಲ ಕುಡಿಯದಿದ್ದಾಗಿನದಕ್ಕಿಂತ ಹೆಚ್ಚು ಕುಗ್ಗಿತ್ತು. ಅರ್ಧ ಗ್ರಾಂ ಕುಡಿದಾಗ ವ್ಯತ್ಯಾಸ ಕಾಣಲಿಲ್ಲ. 70 ಕಿಲೋ ತೂಕದವರಿಗೆ ಆ ಅರ್ಧ ಗ್ರಾಂ ಎಂದರೆ ಮೂರು ಸಣ್ಣ ಪೆಗ್‌ಗೆ ತುಸು ಹೆಚ್ಚು. ಇದನ್ನು ನಾನು ಮುಚ್ಚಿಡುವುದಿಲ್ಲ. ಹೆದರಿಸಿ ಬಿಡಿಸಿದ ಅಭ್ಯಾಸ ಮರುವಾರ ವಾಪಸು ಬರುತ್ತದೆ. ಸಣ್ಣ ಪ್ರಮಾಣದಿಂದ ಮಾಡಿದ ವ್ಯಾಯಾಮವೆಲ್ಲ ಮಣ್ಣುಪಾಲಾಗುವುದಿಲ್ಲ. ಹಾಗೆಂದು ಅದು ದೇಹಕ್ಕೆ ಒಳ್ಳೆಯದು ಎಂದೂ ಅಲ್ಲ. ಆರೋಗ್ಯದ ದೃಷ್ಟಿಯಿಂದ ಮದ್ಯಕ್ಕೆ ಸುರಕ್ಷಿತ ಮಿತಿ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹೊಟ್ಟೆ ಕರಗಿಸಲು ಬರುವವರಿಗೆ ಇನ್ನೊಂದು ಲೆಕ್ಕ. ಮದ್ಯಸಾರದ ಒಂದು ಗ್ರಾಂಗೆ 7 ಕ್ಯಾಲೊರಿ. ಕ್ವಾರ್ಟರ್ ಒಂದರಿಂದಲೇ 420ಕ್ಕೂ ಹೆಚ್ಚು. ದೇಹ ಅದನ್ನು ಕೂಡಿಡಲಾರದು, ಹಾಗಾಗಿ ಮೊದಲು ಅದನ್ನೇ ಸುಡುತ್ತದೆ. ಅಷ್ಟು ಹೊತ್ತೂ ಕೊಬ್ಬು ಸರದಿಯಲ್ಲಿ ಕಾಯುತ್ತದೆ. ಅದಕ್ಕಿಂತ ಹೆಚ್ಚಿನ ಹಾನಿ ನನಗೆ ಕಾಣುವುದು ಊಟದಲ್ಲಿ. ಎಂಟಕ್ಕೆ ಕುಳಿತವರು ಹನ್ನೊಂದರವರೆಗೆ ಕರಿದದ್ದನ್ನು ನಂಜಿಕೊಳ್ಳುತ್ತಾ, ಅನ್ನ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಡಿಸುವ ಹೊತ್ತಿಗೆ "ಸಾಕು" ಎಂದು ಏಳುತ್ತಾರೆ. ಖಾಲಿಯಾದ ಸ್ನಾಯುಗಳಿಗೆ ಬೇಕಾದದ್ದೇ ಆ ಅನ್ನ ಮತ್ತು ಕಡಂಬುಟ್ಟು. ಮರುದಿನದ ಆಟದ ಎರಡನೇ ಅರ್ಧದಲ್ಲಿ ಕಾಲು ಏಳದಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಜೂನ್ ತಿಂಗಳಿನಿಂದ ಪ್ರಶ್ನೆ ಬದಲಾಗುತ್ತದೆ. "ಈ ಮಳೆಗೆ, ಈ ಚಳಿಗೆ ಸ್ವಲ್ಪ ರಮ್ ಬೇಡವೇ? ಸೈನ್ಯದಲ್ಲೇ ಕೊಡುತ್ತಾರಲ್ಲ!" ಬಹಳಷ್ಟು ಮನೆಗಳಲ್ಲಿ ಮಾಜಿ ಸೈನಿಕರಿರುವ ಜಿಲ್ಲೆ ನಮ್ಮದು, ಕ್ಯಾಂಟೀನ್ ರಮ್ಮಿನ ಮೇಲೆ ಎಲ್ಲರಿಗೂ ಅಕ್ಕರೆ. ಆದರೆ ರಮ್ ಕೊಡುವುದು ಬೆಚ್ಚಗಿನ ಭಾವನೆಯನ್ನು ಮಾತ್ರ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿರಕ್ತ ಮೇಲಕ್ಕೆ ಬರುತ್ತದೆ, ಅಲ್ಲಿಂದ ಶಾಖ ಗಾಳಿಗೆ ಹೋಗುತ್ತದೆ. ಒಳಮೈ ತಣ್ಣಗಾಗುತ್ತದೆ. ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದು ನೆನೆದ ಬಟ್ಟೆಯಲ್ಲೇ ಬಾಟಲಿ ತೆರೆಯುವ ಹುಡುಗರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ. ಮೊದಲು ಒಣ ಬಟ್ಟೆ, ನಂತರ ಬಿಸಿ ಬೆಲ್ಲದ ಕಾಫಿ.

ಮನೆಯ ವೈನಿನ ಬಗ್ಗೆ ಹೆಂಗಸರು ಕೇಳುತ್ತಾರೆ. ದ್ರಾಕ್ಷಿಯದಾಗಲಿ, ನೆಲ್ಲಿಕಾಯಿಯದಾಗಲಿ, ಪ್ಯಾಶನ್ ಫ್ರೂಟಿನದಾಗಲಿ, ವೈನ್ ಕೂಡ ಮದ್ಯವೇ. ಮನೆಯಲ್ಲಿ ಮಾಡಿದ್ದರ ಕಡುಪು ಎಷ್ಟೆಂದು ಮಾಡಿದವರಿಗೂ ತಿಳಿದಿರುವುದಿಲ್ಲ. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ, ಗಂಡಸರಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು ಏರುತ್ತದೆ.

ಪೆಟ್ಟು ಬಿದ್ದ ದಿನದ ಬಗ್ಗೆ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಹಾಕಿ ಚೆಂಡು ಕಲ್ಲಿನಂತಹ ವಸ್ತು. ಮೊಣಕಾಲ ಕೆಳಗೆ ತಗುಲಿದರೆ ಊತ ಖಂಡಿತ. ಕುಡಿದರೆ ರಕ್ತನಾಳಗಳು ಹಿಗ್ಗಿ ಊತ ಇನ್ನಷ್ಟಾಗಬಹುದು. ಉಳುಕಿದ ಪಾದದ ನೋವು ಅಮಲಿನಲ್ಲಿ ತಿಳಿಯದೆ, ಅದರ ಮೇಲೆಯೇ ವಾಲಗಕ್ಕೆ ಕುಣಿಯುತ್ತಾರೆ. ಕನಿಷ್ಠ ಎರಡು ಮೂರು ದಿನ ಬೇಡವೇ ಬೇಡ. ಅದಕ್ಕಿಂತ ಕೆಟ್ಟದ್ದು ನೋವಿನ ಮಾತ್ರೆ ನುಂಗಿ ಕುಡಿಯುವುದು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜೊತೆಗೆ ಮದ್ಯ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೆಚ್ಚು ಕುಡಿಯುವವರಿಗೆ ಪ್ಯಾರಾಸಿಟಮಾಲ್ ಯಕೃತ್ತಿಗೆ ಹೊರೆ. ನಮ್ಮ ತಂಡದಲ್ಲಿ ಮಾತ್ರೆ ಇರುವುದು ನನ್ನ ಚೀಲದಲ್ಲಿ. ಕೊಡುವ ಮೊದಲು ಕೇಳುತ್ತೇನೆ, "ಇವತ್ತು ರಾತ್ರಿ ಎಲ್ಲಿಗೆ ಹೋಗುತ್ತಿದ್ದೀರಿ?"

"ನಮ್ಮ ಪದ್ಧತಿಯಲ್ಲೇ ಇದೆಯಲ್ಲ" ಎಂದು ಹಿರಿಯರು ಹೇಳುವುದುಂಟು. ಪದ್ಧತಿಯನ್ನು ನಾನು ಗೌರವಿಸುತ್ತೇನೆ. ಒಕ್ಕದ ಮೂಲಪುರುಷರಾದ ಗುರುಕಾರಣರಿಗೆ ಮೀದಿ (ಎಡೆ) ಇಡುವಾಗ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ನಾನೂ ಕೈ ಮುಗಿದು ನಿಂತಿದ್ದೇನೆ. ಅಲ್ಲಿ ಎಲೆಯ ಪಕ್ಕದಲ್ಲಿ ಇಡುವುದು ಒಂದು ಸಣ್ಣ ಲೋಟ ಮದ್ಯ. ಆಟ ಮುಗಿದ ಮೇಲೆ ಜೀಪಿನ ಹಿಂಬದಿಯಲ್ಲಿ ತೆರೆಯುವ ಬಾಟಲಿಗೂ ಅದಕ್ಕೂ ನನಗೆ ಸಂಬಂಧ ಕಾಣುವುದಿಲ್ಲ. ನಮ್ಮದೇ ಇನ್ನೊಂದು ಪದ್ಧತಿಯೂ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಈ ಪಂದ್ಯಾವಳಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಸೇರಿಸಿತು. ಒಕ್ಕದ ಹೆಸರು ಬೆನ್ನ ಮೇಲೆ ಹೊತ್ತು ಆಡುವ ಹುಡುಗ ಅದನ್ನೂ ಅಷ್ಟೇ ಗೌರವದಿಂದ ನೋಡಲಿ ಎಂಬುದು ನನ್ನ ಆಸೆ.

"ಹಾಗಾದರೆ ಯಾವಾಗ ಕುಡಿಯಬಹುದು?" ಇದು ಕೊನೆಯ ಪ್ರಶ್ನೆ. ಕುಡಿಯದವರು ಶುರು ಮಾಡಲೇಬೇಡಿ. ಕುಡಿಯುವವರಿಗೆ ನನ್ನ ತಂಡದ ಕಟ್ಟುಪಾಡು ಹೀಗಿದೆ: ಕಠಿಣ ಅಭ್ಯಾಸದ ದಿನ ರಾತ್ರಿ ಇಲ್ಲ, ಪಂದ್ಯದ ಹಿಂದಿನ ಎರಡು ರಾತ್ರಿ ಇಲ್ಲ, ಪೆಟ್ಟಾದಾಗ ಇಲ್ಲ. ಮದುವೆಗೆ ಹೋಗುವುದಿದ್ದರೆ ಆಟ ಮುಗಿದ ಮೇಲೆ ಮೊದಲು ನೀರು, ಉಪ್ಪು ಹಾಕಿದ ಮಜ್ಜಿಗೆ, ಹೊಟ್ಟೆ ತುಂಬ ಊಟ. ಅದಾದ ಮೇಲೆ ಅಳತೆಯಲ್ಲಿ ಎರಡು ಸಣ್ಣ ಪೆಗ್ ದಾಟಬಾರದು. ದಾಟಿದರೆ ಬೆಳಿಗ್ಗೆ ಮಂಜಿನಲ್ಲಿ ಬಂದು ಏಲಕ್ಕಿ ಜಗಿಯಬೇಡಿ, ಫೋನ್ ಮಾಡಿ ನಿಜ ಹೇಳಿ. ನಾನು ಬೈಯುವುದಿಲ್ಲ. ಆ ದಿನ ಓಟದ ಬದಲು ಮಧ್ಯಾಹ್ನದವರೆಗೆ ನಿದ್ದೆ, ಸಂಜೆ ತೋಟದ ದಾರಿಯಲ್ಲಿ ಅರ್ಧ ಗಂಟೆ ನಡಿಗೆ.

ದಿನವೂ ಹೆಚ್ಚು ಕುಡಿಯುವವರಿಗೆ ಈ ಕಟ್ಟುಪಾಡು ಹೊಂದುವುದಿಲ್ಲ. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಬಿದ್ದರೆ ನಿಲ್ಲುತ್ತದೆ ಎನ್ನುವವರು ಪಂದ್ಯಕ್ಕಾಗಿ ಹಠದಿಂದ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ವೈದ್ಯರ ಬಳಿ ಹೋಗಿ. ಸಂಕೋಚವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಒಬ್ಬರೇ ಹೋಗಲು ಮನಸ್ಸಾಗದಿದ್ದರೆ ನನಗೆ ಹೇಳಿ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಜೊತೆಗೆ ಬರುತ್ತೇನೆ.