ಸುಮ್ನೆ ಕೂತಾಗ ಮಿದುಳು ಏನು ಮಾಡುತ್ತದೆ?

'ಸುಮ್ನೆ ಕೂತಿದ್ದೀಯಲ್ಲ' ಅಂತ ಯಾರಾದರೂ ಬೈದರೆ ಈಗ ನನ್ನ ಹತ್ತಿರ ಉತ್ತರ ಇದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಬರೀ ಶೇಕಡಾ 2. ಆದರೆ ಏನೂ ಮಾಡದೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಹೋಗುತ್ತದೆ. ಕಷ್ಟದ ಲೆಕ್ಕ ಬಿಡಿಸಲು ಕೂತರೂ ಈ ಖರ್ಚು ಸ್ವಲ್ಪವೇ ಏರುತ್ತದೆ.

1995ರಲ್ಲಿ ಸಂಶೋಧಕ ಭರತ್ ಬಿಸ್ವಾಲ್ ಮತ್ತು ಜೊತೆಗಾರರು ಎಂಆರ್‌ಐ ಯಂತ್ರದಲ್ಲಿ ಅಲ್ಲಾಡದೆ ಮಲಗಿದ್ದವರ ಮಿದುಳನ್ನು ನೋಡಿದರು. ಕೈ ಆಡಿಸುವಾಗ ಕೆಲಸ ಮಾಡುವ ಎಡ, ಬಲ ಭಾಗಗಳ ಸಂಕೇತ ಆಗಲೂ ಒಟ್ಟಿಗೇ ಏರಿಳಿಯುತ್ತಿತ್ತು! ತುಂಬಾ ನಿಧಾನದ ಅಲೆ ಅದು, ಒಂದು ಸುತ್ತಿಗೆ 10 ಸೆಕೆಂಡಿಗಿಂತ ಜಾಸ್ತಿ. ಬೇರೆಯವರಾಗಿದ್ದರೆ ಬೇಡದ ಗದ್ದಲ ಅಂತ ಅಳಿಸಿಹಾಕುತ್ತಿದ್ದರೋ ಏನೋ. (ಯಂತ್ರಕ್ಕೆ ಕಾಣುವುದು ರಕ್ತದ ಆಮ್ಲಜನಕದ ಬದಲಾವಣೆ, ನರಕೋಶಗಳ ಮಾತುಕತೆ ನೇರವಾಗಿ ಅಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ.)

2001ರಲ್ಲಿ ನರವಿಜ್ಞಾನಿ ಮಾರ್ಕಸ್ ರೈಕಲ್ ತಂಡ ಇನ್ನೊಂದು ವಿಷಯಕ್ಕೆ ಹೆಸರು ಕೊಟ್ಟಿತು: 'ಡೀಫಾಲ್ಟ್ ಮೋಡ್', ಅಂದರೆ ಬೇರೆ ಕೆಲಸ ಇಲ್ಲದಾಗ ಮಿದುಳು ತಾನಾಗಿಯೇ ಇರುವ ಸ್ಥಿತಿ. ಹಣೆಯ ಹಿಂದೆ ನಡುವಿನ ಭಾಗ, ಮಿದುಳಿನ ಹಿಂಬದಿಯ ನಡುಭಾಗ, ಹೀಗೆ ದೂರದೂರ ಇರುವ ಜಾಗಗಳು ನಾವು ಹೊರಗಿನ ಕೆಲಸದಲ್ಲಿ ಮುಳುಗಿದಾಗ ತಣ್ಣಗಾಗುತ್ತವೆ. ಹಳೆಯ ನೆನಪು, ನಾಳೆಯ ಯೋಚನೆ, ನಮ್ಮ ಬಗ್ಗೆ ನಾವೇ ಅಂದುಕೊಳ್ಳುವುದು ಶುರುವಾದರೆ ಮತ್ತೆ ಜೋರಾಗುತ್ತವೆ.

ನನಗೆ ಹೆಚ್ಚು ಇಷ್ಟವಾದದ್ದು ಬೇರೆ. ಕೆಲಸ ಶುರುವಾದಾಗ ಮಿದುಳು ಹೊಸ ಜೋಡಣೆ ಕಟ್ಟುವುದು ಕಡಿಮೆಯೇ. ವಿರಾಮದಲ್ಲಿದ್ದ ಜಾಲಗಳೇ (ಹೀಗೆ ಒಟ್ಟಿಗೆ ಏರಿಳಿಯುವ ಭಾಗಗಳ ಗುಂಪುಗಳು) ಸಣ್ಣಪುಟ್ಟ ಬದಲಾವಣೆಯೊಂದಿಗೆ ಮುಂದುವರಿಯುತ್ತವೆ. ಅಂದರೆ ವಿರಾಮ ಮತ್ತು ಕೆಲಸ ನಾವು ಅಂದುಕೊಂಡಷ್ಟು ಬೇರೆ ಬೇರೆ ಅಲ್ಲ, ಅಲ್ವಾ?