ವರದಿಯ ತುಂಬ ‘ಆರ್’

ಆಂಪಿಸಿಲಿನ್ ಎದುರು ಆರ್. ಸೆಫಿಕ್ಸಿಮ್ ಎದುರು ಆರ್. ನಾನು ನಂಬಿಕೊಂಡಿದ್ದ ಸಿಪ್ರೊಫ್ಲಾಕ್ಸಾಸಿನ್ ಎದುರೂ ಆರ್. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿ ಕೈಗೆ ಬಂದಾಗ ನನಗೆ ಮೂರನೇ ದಿನದ ಜ್ವರ. ಬಲ ಪಕ್ಕೆಯ ಹಿಂದೆ ಒತ್ತಿ ಹಿಡಿದಂಥ ನೋವು, ಗಂಟೆಗೊಮ್ಮೆ ಹಲ್ಲು ಕಟಕಟಿಸುವ ಚಳಿ.

ಆರ್ ಎಂದರೆ ರೆಸಿಸ್ಟೆಂಟ್. ಆ ಔಷಧಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ.

ಒಂದೇ ವರ್ಷದಲ್ಲಿ ಇದು ನನ್ನ ಮೂರನೇ ಮೂತ್ರನಾಳದ ಸೋಂಕು. ಮೊದಲ ಸಲ ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗಿದ್ದೆ. ಎರಡನೇ ಸಲ ಉರಿ ಶುರುವಾದಾಗ ಅದೇ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತಂದುಕೊಂಡೆ, ಪರೀಕ್ಷೆ ಇಲ್ಲ, ಏನಿಲ್ಲ. ನಡುವೆ ಬರೀ ನೆಗಡಿ-ಕೆಮ್ಮಿಗೂ ಆಂಟಿಬಯೋಟಿಕ್ ನುಂಗಿದ್ದುಂಟು. ವೈರಸ್‌ನಿಂದ ಬರುವ ನೆಗಡಿಗೆ ಅದರಿಂದ ಏನೂ ಆಗದು ಎಂದು ಗೊತ್ತಿದ್ದೂ.

ಈ ಸಲ ವೈದ್ಯರು ಮೊದಲು ಮೂತ್ರದ ಮಾದರಿ ತೆಗೆದುಕೊಂಡು, ಆಮೇಲೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ಬ್ಯಾಕ್ಟೀರಿಯಾ ಬೆಳೆಯಲು ಒಂದು ದಿನ, ಯಾವ ಔಷಧಕ್ಕೆ ಸಾಯುತ್ತದೆಂದು ನೋಡಲು ಇನ್ನೊಂದು ದಿನ. ಆ ಎರಡು ದಿನ ಜ್ವರ ಒಂದಿಷ್ಟೂ ಇಳಿಯಲಿಲ್ಲ. ವರದಿಯಲ್ಲಿ ಸೆಫ್ಟ್ರಿಯಾಕ್ಸೋನ್ ಮುಂದೆಯೂ ಆರ್ ಇತ್ತು. ಕೆಳಗೆ ‘ಇ. ಕೋಲಿ, ಇಎಸ್‌ಬಿಎಲ್’ ಎಂದು ಬರೆದಿತ್ತು.

ವೈದ್ಯರು ಹಾಸಿಗೆಯ ಪಕ್ಕದಲ್ಲೇ ಕುಳಿತು ವಿವರಿಸಿದರು. ಇ. ಕೋಲಿ ನಮ್ಮ ಕರುಳಿನಲ್ಲೇ ಇರುವಂಥದ್ದು, ಮೂತ್ರನಾಳದ ಹೆಚ್ಚಿನ ಸೋಂಕುಗಳಿಗೆ ಅದೇ ಕಾರಣ. ಇಎಸ್‌ಬಿಎಲ್ ಎನ್ನುವುದು ಅದು ತಯಾರಿಸುವ ಕಿಣ್ವ. ಪೆನಿಸಿಲಿನ್, ಸೆಫಲೋಸ್ಪೊರಿನ್ ಜಾತಿಯ ಔಷಧಗಳ ಅಣುವಿನಲ್ಲಿರುವ ಉಂಗುರವನ್ನೇ ಅದು ಮುರಿದುಹಾಕುತ್ತದೆ. “ನೀವು ನುಂಗಿದ ಪ್ರತಿ ಮಾತ್ರೆಯೂ ಕರುಳನ್ನು ಹಾದುಹೋಗಿದೆಯಮ್ಮ. ಮೆತ್ತಗಿದ್ದವು ಸತ್ತವು, ಗಟ್ಟಿಯವಕ್ಕೆ ಜಾಗ ಸಿಕ್ಕಿತು,” ಎಂದರು. ಈ ಗುಣದ ಜೀನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದಂತೆ, ಬೇರೆ ಜಾತಿಯದಕ್ಕೂ. ನನಗೆ ಭಯವಾದದ್ದು ಅದನ್ನು ಕೇಳಿ. ನನ್ನ ಮೈಯಲ್ಲಿ ಬೆಳೆದದ್ದು ನನ್ನಲ್ಲೇ ಉಳಿಯುವುದಿಲ್ಲವಲ್ಲ.

ವರದಿಯ ಕೊನೆಯಲ್ಲಿ ಕೆಲವು ‘ಎಸ್’ ಇದ್ದವು. ಎಸ್ ಎಂದರೆ ಸೆನ್ಸಿಟಿವ್, ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ. ನೈಟ್ರೊಫ್ಯುರಾಂಟೋಯಿನ್ ಎದುರು ಎಸ್ ಕಂಡು, ಮಾತ್ರೆಯಲ್ಲೇ ಮುಗಿಯುತ್ತದೆ ಎಂದು ಆಸೆಯಾಯಿತು. ಅದು ಮೂತ್ರದಲ್ಲಿ ಸೇರಿಕೊಂಡು ಮೂತ್ರಕೋಶದ ಸೋಂಕನ್ನು ಗುಣಪಡಿಸುತ್ತದೆ ನಿಜ, ಆದರೆ ಮೂತ್ರಪಿಂಡದ ಒಳಗೆ ಬೇಕಾದಷ್ಟು ತಲುಪುವುದಿಲ್ಲ. ನನ್ನ ಸೋಂಕು ಅಲ್ಲಿಗೆ ಏರಿಬಿಟ್ಟಿತ್ತು. ಹಾಗಾಗಿ ಎಸ್ ಇದ್ದ ಇನ್ನೊಂದು ಆಂಟಿಬಯೋಟಿಕ್, ಎರ್ಟಾಪೆನೆಮ್, ದಿನಕ್ಕೊಮ್ಮೆ ರಕ್ತನಾಳಕ್ಕೆ, ಏಳು ದಿನ. ಎರಡನೇ ಡೋಸಿನ ರಾತ್ರಿ ಮೈಯೆಲ್ಲ ಬೆವರಿ ಜ್ವರ ಬಿಟ್ಟಿತು. ಬಟ್ಟೆ ಬದಲಿಸಿಕೊಂಡು ಬೆಳಗಿನವರೆಗೂ ನಿದ್ದೆ ಮಾಡಿದೆ.

ಕೊನೆಯ ದಿನ ಕೈಯಿಂದ ಸೂಜಿ ತೆಗೆಯುವಾಗ, ಇನ್ನೊಮ್ಮೆ ಕಲ್ಚರ್ ಮಾಡಿಸಲೇ ಎಂದು ಕೇಳಿದೆ. ಬೇಡ ಎಂದರು. ತೊಂದರೆ ಏನೂ ಇಲ್ಲದಾಗ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೂ ಸಾಮಾನ್ಯವಾಗಿ ಔಷಧ ಕೊಡುವುದಿಲ್ಲವಂತೆ. ಗರ್ಭಿಣಿಯರ ವಿಷಯ ಬೇರೆ.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಮತ್ತೆ ಸಣ್ಣಗೆ ಉರಿ. ಮನೆಯಲ್ಲಿ ಒಂದೂ ಹಳೆಯ ಮಾತ್ರೆ ಇಟ್ಟಿರಲಿಲ್ಲ. ಮೊದಲ ಧಾರೆ ಬಿಟ್ಟು ನಡುವಿನದನ್ನು ಬಾಟಲಿಗೆ ಹಿಡಿದು, ಪ್ರಯೋಗಾಲಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆ.